ಹೊಲವೇ ಒರೆಗಲ್ಲು: ಲಕ್ಷ್ಮಣರಾವ್ ಕಿರ್ಲೋಸ್ಕರ

ಕೊಲ್ಹಾಪುರದ ಶಿರೋಲಿ, ಗೋಕುಳ ಶಿರಗಾಂವ, ಕಾಗಲ್–ಹಾತಕಣಂಗಲೆಯ ಕೈಗಾರಿಕಾ ವಸಾಹತುಗಳಲ್ಲಿ ಇಂದು ಎರಕದ ಮನೆಗಳು ಸಾಲುಸಾಲಾಗಿ ನಿಂತಿವೆ. ಇಚಲಕರಂಜಿಯಲ್ಲಿ ಮಗ್ಗಗಳ ಸದ್ದು ಹಗಲಿರುಳೂ ಕೇಳುತ್ತದೆ. ಹಿರಣ್ಯಕೇಶಿಯ ದಡದ ಗಡಹಿಂಗ್ಲಜದ ಸಂತೆಯಲ್ಲಿ ಕನ್ನಡವೂ ಮರಾಠಿಯೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆ. ಈ ಸೀಮೆಯ ಯಂತ್ರೋದ್ಯಮದಲ್ಲಿ ಪರೀಕ್ಷೆ ಎಂಬುದು ಈಗ ಒಂದು ಪ್ರತ್ಯೇಕ ಶಾಸ್ತ್ರವಾಗಿ ಬೆಳೆದಿದೆ. ಕರಗಿದ ಕಬ್ಬಿಣ ಅಚ್ಚಿನೊಳಗೆ ಯಾವ ದಾರಿಯಲ್ಲಿ ಹರಿದೀತು, ಎಲ್ಲಿ ಮೊದಲು ಹೆಪ್ಪುಗಟ್ಟೀತು, ಎಲ್ಲಿ ಪೊಳ್ಳು ಉಳಿದೀತು ಎಂಬುದನ್ನು ಎರಕ ಹೊಯ್ಯುವ ಮೊದಲೇ ಗಣಕದ ಪರದೆಯ ಮೇಲೆ ಅನುಕರಿಸಿ ನೋಡಬಹುದು. ಸಿದ್ಧವಾದ ಭಾಗವನ್ನು ಸ್ವಯಂಚಾಲಿತ ಯಂತ್ರವೊಂದು ಅಳೆದು, ತಿರುಗಿಸಿ, ಒತ್ತಿ, ಸರಿ ಅಥವಾ ತಪ್ಪು ಎಂದು ತೀರ್ಮಾನಿಸಬಲ್ಲದು.

ಇಂಥ ಯಾವ ಉಪಕರಣವೂ ಇಲ್ಲದಿದ್ದ ಕಾಲದಲ್ಲಿ ಇದೇ ಸೀಮೆಯ ಮನುಷ್ಯರೊಬ್ಬರು ಯಂತ್ರ ಮಾಡಲು ಹೊರಟರು. ಅವರಿಗೆ ಒರೆಗಲ್ಲಾಗಿ ಒದಗಿದ್ದು ರೈತನ ಹೊಲ. ಪರೀಕ್ಷಕ ಆ ರೈತನೇ, ಸಾಧನ ಅವನ ಎತ್ತುಗಳು. ಫಲಿತಾಂಶ ಪ್ರಕಟವಾಗುತ್ತಿದ್ದುದು ಮುಂದಿನ ಸುಗ್ಗಿಯಲ್ಲಿ. ಆ ಮನುಷ್ಯ ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರ.

ಗುರ್ಲಹೊಸೂರಿನಿಂದ ಮುಂಬಯಿಗೆ

ಲಕ್ಷ್ಮಣರಾವ್ ಹುಟ್ಟಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ. ಮನೆತನದ ಹೆಸರು ಕೊಂಕಣದ ಕಿರ್ಲೋಶಿ ಎಂಬ ಹಳ್ಳಿಯಿಂದ ಬಂದದ್ದು. ಮನೆಮಾತು ಮರಾಠಿ, ಊರಮಾತು ಕನ್ನಡ. ಮರಾಠಿ ಸಂಗೀತ ನಾಟಕದ ಜನಕರೆನಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರ ಹುಟ್ಟಿದ್ದೂ ಇದೇ ಊರಿನಲ್ಲಿ. ಅವರ ‘ಶಾಕುಂತಲ’ 1880ರಲ್ಲಿ ಪುಣೆಯಲ್ಲಿ ರಂಗವೇರಿ ಎರಡೂ ಭಾಷೆಗಳ ನಾಟಕಪ್ರಿಯರ ಗಮನ ಸೆಳೆದಿತ್ತು. ಕನ್ನಡ ನೆಲದ ಒಂದೇ ಸಣ್ಣ ಊರು ಒಂದು ಶತಮಾನದೊಳಗೆ ನಾಟಕಕ್ಕೂ ಯಂತ್ರಕ್ಕೂ ಒಬ್ಬೊಬ್ಬ ಆದ್ಯನನ್ನು ಕೊಟ್ಟಿತು.

ಬಾಲಕ ಲಕ್ಷ್ಮಣನಿಗೆ ಪುಸ್ತಕದ ಪಾಠಗಳಲ್ಲಿ ಅಂಥ ಆಸಕ್ತಿಯೇನೂ ಇರಲಿಲ್ಲ. ಅವನ ಮನಸ್ಸು ಎರಡು ಕಡೆ ಓಡುತ್ತಿತ್ತು: ಒಂದು ಚಿತ್ರ ಬರೆಯುವ ಕಡೆ, ಇನ್ನೊಂದು ಯಂತ್ರಗಳನ್ನು ಬಿಚ್ಚಿ ನೋಡುವ ಕಡೆ. 1885ರಲ್ಲಿ, ತಂದೆಗೆ ಮನಸ್ಸಿಲ್ಲದಿದ್ದರೂ, ಮುಂಬಯಿಯ ಜೆ.ಜೆ. ಕಲಾಶಾಲೆಗೆ ಸೇರಿದನು. ಅಣ್ಣಾಸಾಹೇಬರು ತೀರಿಕೊಂಡದ್ದೂ ಅದೇ ವರ್ಷ.

ಎರಡು ವರ್ಷಗಳಲ್ಲಿ ಆ ದಾರಿ ಮುಚ್ಚಿತು. ಲಕ್ಷ್ಮಣನ ಕಣ್ಣು ಕೆಲವು ಬಣ್ಣಗಳನ್ನು ಒಂದರಿಂದೊಂದು ಬೇರ್ಪಡಿಸಿ ಗುರುತಿಸಲಾರದು ಎಂಬುದು ತಿಳಿದುಬಂತು. ವರ್ಣಚಿತ್ರಕಾರನಾಗಬೇಕೆಂದು ಮನೆಬಿಟ್ಟು ಬಂದ ಹದಿನೆಂಟರ ಹುಡುಗನಿಗೆ ಇದು ಸಣ್ಣ ಪೆಟ್ಟಲ್ಲ. ಕೈಗೆ ಕುಶಲತೆಯಿದೆ, ಮನಸ್ಸಿಗೆ ಆಸೆಯಿದೆ, ಕಣ್ಣು ಒಪ್ಪುವುದಿಲ್ಲ. ಆದರೆ ಯಂತ್ರದ ನಕ್ಷೆಗೆ ಬಣ್ಣ ಬೇಕಿಲ್ಲ, ಅದಕ್ಕೆ ಗೆರೆ ಸಾಕು. ಲಕ್ಷ್ಮಣ ಕುಂಚವನ್ನು ಕೆಳಗಿಟ್ಟು ಅಳತೆಗೋಲನ್ನು ಕೈಗೆತ್ತಿಕೊಂಡು ಯಂತ್ರನಕ್ಷೆಯ ಅಭ್ಯಾಸ ಮುಂದುವರಿಸಿದನು. ಬಾಳಿನ ಮೊದಲ ಪರೀಕ್ಷೆಯಲ್ಲಿ ಅನುತ್ತೀರ್ಣನಾದವನು ಅದರ ಫಲಿತಾಂಶವನ್ನು ಒಪ್ಪಿಕೊಂಡು ದಾರಿ ತಿದ್ದಿಕೊಂಡನು. ಮುಂದೆ ಈ ಗುಣವೇ ಅವರ ಕಾರ್ಖಾನೆಯ ಪದ್ಧತಿಯಾಯಿತು.

ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಯಂತ್ರನಕ್ಷೆಯ ಸಹಾಯಕ ಅಧ್ಯಾಪಕನ ಕೆಲಸ ಸಿಕ್ಕಿತು. ಪಾಠ ಮುಗಿದ ಮೇಲೆ ಲಕ್ಷ್ಮಣರಾವ್ ಸಂಸ್ಥೆಯ ಕಾರ್ಯಶಾಲೆಗೆ ಇಳಿಯುತ್ತಿದ್ದರು. ಕಾಗದದ ಮೇಲೆ ತಾವು ಎಳೆಯಿಸುವ ಗೆರೆ ಕಬ್ಬಿಣದಲ್ಲಿ ಹೇಗೆ ರೂಪ ತಳೆಯುತ್ತದೆ ಎಂಬುದನ್ನು ಕೈಯಿಂದಲೇ ಕಲಿತರು. ಇಂಗ್ಲಿಷ್ ಪುಸ್ತಕ ಪತ್ರಿಕೆಗಳನ್ನು ಓದಿ ಉಳಿದುದನ್ನು ತುಂಬಿಕೊಂಡರು. ಎಂಜಿನಿಯರ್ ಎಂಬ ಪದವಿ ಅವರಿಗೆ ಕೊನೆಯವರೆಗೂ ಇರಲಿಲ್ಲ.

ಸೈಕಲ್ ಅಂಗಡಿ

ಆ ಕಾಲದಲ್ಲಿ ಸೈಕಲ್ ಎಂಬುದು ಶ್ರೀಮಂತರ ಮತ್ತು ಅಧಿಕಾರಿಗಳ ಸೊತ್ತು, ಒಂದಕ್ಕೆ ಏಳುನೂರರಿಂದ ಸಾವಿರ ರೂಪಾಯಿವರೆಗೆ ಬೆಲೆ. 1888ರಲ್ಲಿ ಲಕ್ಷ್ಮಣರಾವ್ ತಮ್ಮ ಅಣ್ಣ ರಾಮುಅಣ್ಣಾ ಅವರೊಡನೆ ಸೇರಿ ಬೆಳಗಾವಿಯಲ್ಲಿ ಸೈಕಲ್ ವ್ಯಾಪಾರಕ್ಕೆ ಕೈಹಾಕಿದರು. ತಮ್ಮ ಮುಂಬಯಿಯಲ್ಲಿ ಸೈಕಲ್ ಕೊಂಡು ಕಳಿಸುವುದು, ಅಣ್ಣ ಬೆಳಗಾವಿಯಲ್ಲಿ ಮಾರುವುದು. ಕೊಂಡವರಿಗೆ ಓಡಿಸಲು ಕಲಿಸುವುದಕ್ಕೆ ಹದಿನೈದು ರೂಪಾಯಿ. ಅಂಗಡಿಯ ಹೆಸರು ‘ಕಿರ್ಲೋಸ್ಕರ ಬ್ರದರ್ಸ್’. ಬೆಳಗಾವಿಯ ಆ ಬೀದಿ ಇಂದಿಗೂ ಕಿರ್ಲೋಸ್ಕರ ರಸ್ತೆಯೆಂದೇ ಹೆಸರಾಗಿದೆ.

ಮುಂಬಯಿಯ ಕೆಲಸ ಹಾಗೆಯೇ ಮುಂದುವರಿಯಬಹುದಿತ್ತು. ಆದರೆ ನ್ಯಾಯವಾಗಿ ತಮಗೆ ಬರಬೇಕಾಗಿದ್ದ ಬಡ್ತಿ ಒಬ್ಬ ಆಂಗ್ಲೋ-ಇಂಡಿಯನ್ ಸಹೋದ್ಯೋಗಿಗೆ ಹೋಯಿತು. ಕೆಲಸದ ಗುಣವನ್ನು ನೋಡದೆ ಕೆಲಸಗಾರನ ಹುಟ್ಟನ್ನು ನೋಡಿ ಬೆಲೆಕಟ್ಟುವ ಜಾಗದಲ್ಲಿ ಲಕ್ಷ್ಮಣರಾವ್ ನಿಲ್ಲಲಿಲ್ಲ. ರಾಜೀನಾಮೆ ಕೊಟ್ಟು ಬೆಳಗಾವಿಗೆ ಮರಳಿದರು. ಬಿಟ್ಟದ್ದು ತಿಂಗಳ ಸಂಬಳ. ಎದುರಿಗಿದ್ದುದು ಅಣ್ಣನ ಪುಟ್ಟ ಅಂಗಡಿ ಮತ್ತು ದುರಸ್ತಿಯ ಕೆಲವು ಸಲಕರಣೆಗಳು. ಗುಂಡಿಗಳು, ಔಷಧದ ಗುಳಿಗೆಗಳನ್ನಿಡುವ ಸಣ್ಣ ಡಬ್ಬಿಗಳು ಮುಂತಾದ ಚಿಕ್ಕಪುಟ್ಟ ವಸ್ತುಗಳನ್ನು ಮಾಡಿ ನೋಡಿದರು. ನಡುವೆ ಅವರ ದೃಷ್ಟಿ ಸುತ್ತಣ ಬೇಸಾಯದ ಕಡೆ ತಿರುಗಿತು.

ಮೊದಲು ಮಾಡಿದ್ದು ಮೇವು ಕತ್ತರಿಸುವ ಯಂತ್ರ. ಜೋಳದ ಕಣಿಕೆಯನ್ನು ಹಾಗೆಯೇ ಮುಂದೆ ಹಾಕಿದರೆ ಎತ್ತು ಎಲೆಯನ್ನಷ್ಟೇ ತಿಂದು ದಂಟನ್ನು ತುಳಿದುಬಿಡುತ್ತದೆ. ಸಣ್ಣಗೆ ಕತ್ತರಿಸಿದರೆ ದಂಟೂ ಹೊಟ್ಟೆಗೆ ಸೇರುತ್ತದೆ. ಬರಗಾಲದ ನೆನಪು ಮಾಸದಿದ್ದ ಬೆಳಗಾವಿ, ವಿಜಾಪುರ, ಕೊಲ್ಹಾಪುರಗಳ ಒಕ್ಕಲಿಗರಿಗೆ ಇದರ ಲಾಭ ಕಣ್ಣಿಗೆ ಕಾಣುವಂಥದು. ಎರಡನೆಯದಾಗಿ ಕೈಗೆತ್ತಿಕೊಂಡ ವಸ್ತು ಅಷ್ಟು ಸುಲಭದ್ದಾಗಿರಲಿಲ್ಲ. ಅದು ಕಬ್ಬಿಣದ ನೇಗಿಲು.

ಕಬ್ಬಿಣದ ರಂಟೆ

ಉತ್ತರ ಕರ್ನಾಟಕದ ಒಕ್ಕಲಿಗ ರಂಟೆ ಎಂದು ಕರೆಯುವ ಮರದ ನೇಗಿಲು ಬಡಿಗ ಮತ್ತು ಕಮ್ಮಾರರ ಕೂಡುಸೃಷ್ಟಿ. ಈಸು, ಮೇಳಿ, ನೊಗ ಎಲ್ಲವೂ ಮರ. ನೆಲ ಸೀಳುವ ಕುಳ ಮಾತ್ರ ಕಬ್ಬಿಣ. ಅದು ನೆಲವನ್ನು ಗೀರಿ ಸಡಿಲಿಸುತ್ತದೆಯೇ ಹೊರತು ಮಗುಚಿ ಹಾಕುವುದಿಲ್ಲ. ಕೃಷ್ಣಾ, ಘಟಪ್ರಭಾ, ಮಲಪ್ರಭೆಯರ ಎರೆಹೊಲಗಳಲ್ಲಿ ಬೇರು ಆಳಕ್ಕಿಳಿಸುವ ಕರಿಕೆಯಂಥ ಕಳೆ ಒಮ್ಮೆ ನೆಲೆಯೂರಿದರೆ ಮರದ ರಂಟೆಗೆ ಅದು ಬಗ್ಗುವುದಿಲ್ಲ. ಮಣ್ಣಿನ ಹೆಂಟೆಯನ್ನು ಬುಡಸಮೇತ ಎತ್ತಿ ತಿರುವಿ, ಬೇರನ್ನು ಬಿಸಿಲಿಗೆ ಒಡ್ಡಿದರೆ ಮಾತ್ರ ಕಳೆ ಸಾಯುತ್ತದೆ. ಆ ಕೆಲಸಕ್ಕೆ ಬಾಗಿದ ರೆಕ್ಕೆಯುಳ್ಳ ಕಬ್ಬಿಣದ ನೇಗಿಲು ಬೇಕು. ವಿದೇಶದಿಂದ ಬರುತ್ತಿದ್ದ ಅಂಥ ನೇಗಿಲುಗಳು ಬಡ ಒಕ್ಕಲಿಗನಿಗೆ ದೂರದ ಮಾತು. ಅದನ್ನು ಇಲ್ಲಿಯೇ, ಇಲ್ಲಿನ ಎತ್ತಿನ ಬಲಕ್ಕೂ ಇಲ್ಲಿನ ಮಣ್ಣಿಗೂ ಹೊಂದುವಂತೆ ಮಾಡುವುದು ಲಕ್ಷ್ಮಣರಾವ್ ಅವರ ಸಂಕಲ್ಪ.

ನೇಗಿಲು ಸಿದ್ಧವಾಯಿತು, ಆದರೆ ಕೊಳ್ಳುವವರು ಬರಲಿಲ್ಲ. ಕಬ್ಬಿಣ ತಗುಲಿದರೆ ಭೂಮಿಗೆ ವಿಷವೇರುತ್ತದೆ, ಬೆಳೆ ಬಾರದು ಎಂಬ ನಂಬಿಕೆ ಹಳ್ಳಿಗಳಲ್ಲಿ ಗಟ್ಟಿಯಾಗಿತ್ತು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಈ ನಂಬಿಕೆ ನಮ್ಮ ನೆಲದ ಅಜ್ಞಾನವೆಂದು ನಗುವಂತಿಲ್ಲ. 1797ರಲ್ಲಿ ಚಾರ್ಲ್ಸ್ ನ್ಯೂಬೋಲ್ಡ್ ಎಂಬಾತ ಅಮೆರಿಕದಲ್ಲಿ ಎರಕದ ಕಬ್ಬಿಣದ ನೇಗಿಲಿಗೆ ಹಕ್ಕುಪತ್ರ ಪಡೆದಾಗ ಅಲ್ಲಿನ ರೈತರೂ ಇದೇ ಭಯದಿಂದ ಹಿಂದೆ ಸರಿದಿದ್ದರು. ಒಂದು ವರ್ಷದ ಬೆಳೆಯೇ ಒಂದು ವರ್ಷದ ಅನ್ನವಾಗಿರುವ ಕಡೆ, ಹೊಸತನ್ನು ಸುಮ್ಮನೆ ಪ್ರಯೋಗಿಸಿ ನೋಡುವ ಅನುಕೂಲ ಯಾರಿಗೂ ಇರುವುದಿಲ್ಲ. ಪ್ರಯೋಗ ತಪ್ಪಿದರೆ ಕಾರ್ಖಾನೆಗೆ ಹೋಗುವುದು ಒಂದು ನೇಗಿಲು, ಒಕ್ಕಲಿಗನಿಗೆ ಹೋಗುವುದು ವರ್ಷದ ಕೂಳು. ಅನುಮಾನವೇ ಅವನ ಪರೀಕ್ಷಾವಿಧಾನವಾಗಿತ್ತು.

ಅನುಮಾನ ವಾದದಿಂದ ಕರಗುವಂಥದಲ್ಲ. ಉತ್ತ ಹೊಲದಲ್ಲಿ ಬೆಳೆ ಎದ್ದು ನಿಂತು ತೋರಿಸಬೇಕು. ಒಬ್ಬನ ಹೊಲದಲ್ಲಿ ಕರಿಕೆ ಸತ್ತು ಜೋಳ ಹುಲುಸಾದರೆ ಪಕ್ಕದ ಹೊಲದವನು ನೋಡುತ್ತಾನೆ. ಅವನು ಬೀಗರ ಊರಿಗೆ ಸುದ್ದಿ ಒಯ್ಯುತ್ತಾನೆ. ಕಿರ್ಲೋಸ್ಕರ ನೇಗಿಲು ಹೀಗೆ ಬದುವಿನಿಂದ ಬದುವಿಗೆ ಹಬ್ಬಿತು.

ಹಬ್ಬಿದ ಮೇಲೆ ಎದುರಾಗುವ ಪರೀಕ್ಷೆ ಬೇರೆ ಬಗೆಯದು. ಎರಕದ ಕಬ್ಬಿಣ ಸ್ವಭಾವತಃ ಒಡೆಯುವ ಲೋಹ. ಮೆತ್ತನೆಯ ಎರೆಮಣ್ಣಿನಲ್ಲಿ ಸುಖವಾಗಿ ನಡೆಯುವ ಕುಳ, ಮಡ್ಡಿಯ ಕಲ್ಲಿಗೆ ತಾಗಿದರೆ ತುದಿ ಮುರಿಯುತ್ತದೆ, ಇಲ್ಲವೇ ಬೇಗ ಸವೆಯುತ್ತದೆ. ಗಟ್ಟಿಯಾಗಿ ಮಾಡಿದರೆ ಒಡೆಯುತ್ತದೆ, ಒಡೆಯದಂತೆ ಮಾಡಿದರೆ ಸವೆಯುತ್ತದೆ. ಈ ವಿರೋಧವನ್ನು ಬಗೆಹರಿಸಲು ಎರಕದ ಕುಶಲಿಗಳು ಒಂದು ಉಪಾಯ ಕಂಡುಕೊಂಡಿದ್ದರು. ಮರಳಿನ ಅಚ್ಚಿನಲ್ಲಿ, ಗಟ್ಟಿಯಾಗಬೇಕಾದ ಕಡೆ ಮಾತ್ರ ಒಂದು ತಣ್ಣನೆಯ ಕಬ್ಬಿಣದ ತುಂಡನ್ನು ಇರಿಸುವುದು. ಕರಗಿದ ಲೋಹ ಅದಕ್ಕೆ ತಗುಲಿದೊಡನೆ ಥಟ್ಟನೆ ತಣಿಯುತ್ತದೆ. ಹಾಗೆ ತಣಿದಾಗ ಅದರೊಳಗಿನ ಇಂಗಾಲಕ್ಕೆ ಬೇರ್ಪಡಲು ಸಮಯ ಸಿಗದೆ, ಕಬ್ಬಿಣದೊಡನೆಯೇ ಕೂಡಿ ಬೆಳ್ಳಗಿನ, ಅತಿ ಕಠಿಣವಾದ ಪದರವಾಗುತ್ತದೆ. ಮರಳಿಗೆ ತಾಗಿದ ಉಳಿದ ಭಾಗ ನಿಧಾನವಾಗಿ ತಣಿದು ಬೂದುಬಣ್ಣದ್ದಾಗಿ, ಪೆಟ್ಟು ತಾಳಿಕೊಳ್ಳುವ ಗುಣ ಪಡೆಯುತ್ತದೆ. ಹೊರಗೆ ಕಾಠಿಣ್ಯ, ಒಳಗೆ ತಾಳ್ಮೆ.

ಇದನ್ನು ಪರೀಕ್ಷಿಸುವ ಹಳೆಯ ವಿಧಾನವೂ ಅಷ್ಟೇ ಸರಳವಾದುದು. ಪ್ರತಿ ಕುಲುಮೆಯಿಂದ ಒಂದು ಸಣ್ಣ ತುಂಡನ್ನು ಹೊಯ್ದು, ಸುತ್ತಿಗೆಯಿಂದ ಮುರಿದು, ಮುರಿದ ಮುಖವನ್ನು ನೋಡುವುದು. ಬಿಳಿಯ ಅಂಚು ಎಷ್ಟು ದಪ್ಪವಿದೆ, ಬೂದು ಎಲ್ಲಿಂದ ಮೊದಲಾಗಿದೆ ಎಂಬುದನ್ನು ಕಂಡು ಆ ದಿನದ ಲೋಹದ ಗುಣ ನಿರ್ಣಯಿಸಬೇಕು. ಬಣ್ಣಗಳನ್ನು ಬೇರ್ಪಡಿಸಲಾರದ ಕಣ್ಣಿನ ಕಾರಣದಿಂದ ಚಿತ್ರಶಾಲೆ ಬಿಟ್ಟವರು, ಬಿಳಿಗೂ ಬೂದಿಗೂ ಇರುವ ಅಂತರವೇ ಬಾಳುವೆಯನ್ನು ನಿರ್ಧರಿಸುವ ಉದ್ಯೋಗಕ್ಕೆ ಬಂದು ತಲುಪಿದ್ದರು.

ನೇಗಿಲಿನ ಇನ್ನೊಂದು ಪರೀಕ್ಷೆ ಅಳತೆಯದು. ಕಮ್ಮಾರ ಮಾಡಿದ ಕುಳ ಮುರಿದರೆ ಅದೇ ಕಮ್ಮಾರ ಅದೇ ಊರಿನಲ್ಲಿ ಸರಿಪಡಿಸುತ್ತಾನೆ. ಕಾರ್ಖಾನೆಯ ಕುಳ ಐವತ್ತು ಹರದಾರಿ ದೂರದಲ್ಲಿ ಮುರಿದರೆ, ಅಂಗಡಿಯಿಂದ ತಂದ ಹೊಸ ಕುಳ ಹಳೆಯ ನೇಗಿಲಿಗೆ ತಿದ್ದುಪಡಿಯಿಲ್ಲದೆ ಕೂರಬೇಕು. ಮಿರಗ ಮಳೆ ಬೀಳುವ ಮೊದಲು ಉಳುಮೆ ಮುಗಿಯಬೇಕಾದ ರೈತನಿಗೆ ಕಾಯುವ ವ್ಯವಧಾನವಿಲ್ಲ. ಆದ್ದರಿಂದ ಸಾವಿರ ಕುಳಗಳೂ ಒಂದೇ ಅಳತೆಯವಾಗಿರಬೇಕು. ಮುಂಬಯಿಯಲ್ಲಿ ವರ್ಷಗಟ್ಟಲೆ ವಿದ್ಯಾರ್ಥಿಗಳಿಂದ ಅಳತೆ ತಪ್ಪದ ಗೆರೆ ಎಳೆಯಿಸಿದ್ದ ಅಧ್ಯಾಪಕನ ಶಿಸ್ತು ಇಲ್ಲಿ ಕೆಲಸಕ್ಕೆ ಬಂತು.

ಕಳ್ಳಿಯ ಬಯಲು

ಕೆಲಸ ಕೈಹಿಡಿಯುವ ಹೊತ್ತಿಗೆ ನಿಂತ ನೆಲವೇ ಕಾಲ ಕೆಳಗಿನಿಂದ ಜಾರಿತು. ಬೆಳಗಾವಿಯ ನಗರಸಭೆ ಊರನ್ನು ವಿಸ್ತರಿಸುವ ಯೋಜನೆಗಾಗಿ ಕಾರ್ಯಶಾಲೆಯ ಜಾಗ ತೆರವು ಮಾಡಬೇಕೆಂದಿತು. ಯಂತ್ರಗಳನ್ನು ಎಲ್ಲಿಗೆ ಒಯ್ಯಬೇಕೆಂದು ತೋಚದ ಆ ಸ್ಥಿತಿಯಲ್ಲಿ ಔಂಧ ಸಂಸ್ಥಾನದಲ್ಲಿ ಒಂದು ಸಭಾಮಂದಿರ ಕಟ್ಟುವ ಕೆಲಸ ಲಕ್ಷ್ಮಣರಾವ್ ಅವರ ಪಾಲಿಗೆ ಬಂತು.

ಔಂಧ ಒಂದು ಚಿಕ್ಕ ಸಂಸ್ಥಾನ. ಅದರ ಹಳ್ಳಿಗಳು ಒಂದೆಡೆ ಕೂಡಿರಲಿಲ್ಲ. ಸಾತಾರೆಯ ಸುತ್ತ ಕೆಲವು, ದೂರದ ವಿಜಾಪುರ ಜಿಲ್ಲೆಯ ಗುಣದಾಳದಲ್ಲಿ ಕೆಲವು. ಆಳುತ್ತಿದ್ದವರು 1909ರಲ್ಲಿ ಪಟ್ಟಕ್ಕೆ ಬಂದ ಭವಾನರಾವ್ ಪಂತ ಪ್ರತಿನಿಧಿ. ಅವರು ಸ್ವತಃ ಚಿತ್ರಕಾರರು, ಕಲಾಸಂಗ್ರಾಹಕರು, ಸೂರ್ಯನಮಸ್ಕಾರದ ಪ್ರಚಾರಕರು. ಕಲಾಶಾಲೆಯನ್ನು ಬಿಡಬೇಕಾಗಿ ಬಂದ ಯಂತ್ರಜ್ಞನಿಗೆ ಚಿತ್ರ ಬರೆಯುವ ಅರಸನೊಬ್ಬ ಆಸರೆಯಾದನು. ಕಾರ್ಖಾನೆಗೆ ತಮ್ಮ ಸೀಮೆಯಲ್ಲಿ ಎಲ್ಲಿ ಬೇಕೋ ಅಲ್ಲಿ ಜಾಗ ಕೊಡಲು ಅರಸರು ಮುಂದಾದರು. ಹತ್ತು ಸಾವಿರ ರೂಪಾಯಿ ಸಾಲವನ್ನೂ ಕೊಟ್ಟರು.

ಲಕ್ಷ್ಮಣರಾವ್ ಆರಿಸಿಕೊಂಡದ್ದು ಮಿರಜದಿಂದ ಪುಣೆಯ ಕಡೆಗೆ ಹೋಗುವ ರೈಲುದಾರಿಯ ಕುಂಡಲ ರೋಡ್ ನಿಲ್ದಾಣದ ಬಳಿ 32 ಎಕರೆ ಬಂಜರು. ಕಳ್ಳಿ ಬೆಳೆದ, ಹಾವು ಚೇಳುಗಳ ಬಯಲು. ಅದರ ಒಂದೇ ಗುಣವೆಂದರೆ ರೈಲು ಅಲ್ಲಿ ನಿಲ್ಲುತ್ತಿತ್ತು. 1910ರಲ್ಲಿ ಸುಮಾರು 25 ಮಂದಿ ಕೆಲಸಗಾರರೂ ಅವರ ಸಂಸಾರಗಳೂ ಬೆಳಗಾವಿಯಿಂದ ಆ ಬಯಲಿಗೆ ಬಂದಿಳಿದರು. ಕಳ್ಳಿ ಕಡಿದು, ಗುಡಿಸಲು ಹಾಕಿ, ಕುಲುಮೆ ಹೂಡಿದರು. ಅದೇ ಕಿರ್ಲೋಸ್ಕರವಾಡಿ.

ಬಂದವರಲ್ಲಿ ಒಬ್ಬೊಬ್ಬರದೂ ಒಂದೊಂದು ಕಥೆ. ಮನೆವಾರ್ತೆಯಂತೆ ಊರಿನ ಆಡಳಿತ ನೋಡಿಕೊಂಡವರು ರಾಮುಅಣ್ಣಾ. ಯಂತ್ರಗಳ ಹೊಣೆ ಶಂಭುರಾವ್ ಜಾಂಭೇಕರರದು, ಲೆಕ್ಕಪತ್ರ ಮಂಗೇಶರಾವ್ ರೇಗೆಯವರದು. ಶಾಲೆಯನ್ನು ನಡುವೆ ಬಿಟ್ಟಿದ್ದ ಅನಂತರಾವ್ ಫಳಣೀಕರರು ಇಲ್ಲಿ ಕುಶಲ ಯಂತ್ರವಿನ್ಯಾಸಕರಾದರು. ಅಪರಾಧಿಗಳೆಂದು ಸಮಾಜ ದೂರವಿಟ್ಟಿದ್ದ ಇಬ್ಬರಿಗೆ ಲಕ್ಷ್ಮಣರಾವ್ ಇರುಳಿನ ಕಾವಲು ಒಪ್ಪಿಸಿದರು. ಊರಿನಲ್ಲಿ ಅಸ್ಪೃಶ್ಯತೆಯ ಆಚರಣೆಗೆ ಅವಕಾಶವಿರಲಿಲ್ಲ. ಹುಟ್ಟನ್ನು ನೋಡಿ ಬೆಲೆಕಟ್ಟುವ ಜಾಗವನ್ನು ಬಿಟ್ಟು ಬಂದಿದ್ದವರು, ತಾವು ಕಟ್ಟಿದ ಊರಿನಲ್ಲಿ ಆ ತಪ್ಪು ಮರುಕಳಿಸದಂತೆ ನೋಡಿಕೊಂಡರು. ಇಂಗ್ಲೆಂಡಿನ ಎಬೆನೇಜರ್ ಹೋವರ್ಡ್ ಬರೆದ ಉದ್ಯಾನನಗರಗಳ ಪುಸ್ತಕ ಅವರ ಕಲ್ಪನೆಗೆ ಪ್ರೇರಣೆಯಾಗಿತ್ತು. ಕಾರ್ಖಾನೆಯೆಂದರೆ ಹೊಗೆಕೊಳವೆ ಮಾತ್ರವಲ್ಲ, ಮನೆ, ಮರ, ಶಾಲೆ ಸೇರಿದ ಊರು ಎಂಬುದನ್ನು ಭಾರತದಲ್ಲಿ ಮೊದಮೊದಲು ಮಾಡಿ ತೋರಿಸಿದ ಕೆಲವೇ ಸ್ಥಳಗಳಲ್ಲಿ ಕಿರ್ಲೋಸ್ಕರವಾಡಿ ಒಂದು.

ಕೊಲ್ಹಾಪುರದ ತೋಪುಗಳು

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಕಬ್ಬಿಣ, ಕಲ್ಲಿದ್ದಲು, ಬಣ್ಣ ಎಲ್ಲವೂ ದುರ್ಲಭವಾದವು. ಬೇಡಿಕೆ ಬೆಳೆಯುತ್ತಿರುವಾಗಲೇ ಕುಲುಮೆ ತಣ್ಣಗಾಗುವ ಸ್ಥಿತಿ ಬಂತು. ಆಗ ನೆರವಿಗೆ ಬಂದವರು ಕೊಲ್ಹಾಪುರದ ಶಾಹು ಮಹಾರಾಜರು. 1894ರಿಂದ 1922ರವರೆಗೆ ರಾಜ್ಯವಾಳಿದ ಅವರು ಹಿಂದುಳಿದವರ ಶಿಕ್ಷಣಕ್ಕೂ ಉದ್ಯೋಗಕ್ಕೂ ಮಾಡಿದ ಕೆಲಸ ಪ್ರಸಿದ್ಧ. ಕೈಗಾರಿಕೆಯ ವಿಷಯದಲ್ಲಿಯೂ ಅವರಿಗೆ ಅಷ್ಟೇ ಆಸಕ್ತಿ. ಕೋಟೆಯಲ್ಲಿ ಬಳಕೆಯಿಲ್ಲದೆ ಬಿದ್ದಿದ್ದ ಹಳೆಯ ತೋಪುಗಳನ್ನು ಅವರು ಕಿರ್ಲೋಸ್ಕರರಿಗೆ ಕೊಟ್ಟರು. ಯುರೋಪಿನಲ್ಲಿ ನೇಗಿಲ ಕಬ್ಬಿಣ ತೋಪಾಗುತ್ತಿದ್ದ ದಿನಗಳಲ್ಲಿ ಇಲ್ಲಿ ತೋಪುಗಳು ಕರಗಿ ನೇಗಿಲುಗಳಾದವು.

ಆ ಹೊತ್ತಿಗೆ ವಾಡಿಯಿಂದ ಹೊರಡುತ್ತಿದ್ದುದು ನೇಗಿಲು ಮಾತ್ರವಲ್ಲ. ಈ ಸೀಮೆಯ ಬೇಸಾಯ ಕೇಳಿದ್ದನ್ನೆಲ್ಲ ಒಂದೊಂದಾಗಿ ಮಾಡುತ್ತ ಬಂದರು. ಪಂಚಗಂಗೆಯ ಬಯಲಿನಲ್ಲಿ ಕಬ್ಬು ಬೆಳೆದು ಬೆಲ್ಲ ಮಾಡುವ ಕೊಲ್ಹಾಪುರಕ್ಕೆ ಮರದ ಗಾಣದ ಬದಲು ಕಬ್ಬಿಣದ ಗಾಣ ಬೇಕಿತ್ತು. ಮರದ ಉರುಳೆಗಳ ನಡುವೆ ಹಿಪ್ಪೆಯಲ್ಲಿಯೇ ಉಳಿದುಹೋಗುತ್ತಿದ್ದ ರಸ ಕಬ್ಬಿಣದ ಉರುಳೆಗಳ ನಡುವೆ ಕೊಪ್ಪರಿಗೆಗೆ ಬಂತು. ಇಲ್ಲಿ ಆಲೆಮನೆಯೇ ಪರೀಕ್ಷಾಶಾಲೆ: ಹಿಪ್ಪೆಯನ್ನು ಹಿಂಡಿ ನೋಡಿದರೆ ಗಾಣದ ಗುಣ ತಿಳಿಯುತ್ತದೆ. ಗಡಹಿಂಗ್ಲಜ, ಸಂಕೇಶ್ವರಗಳ ಕಡೆಯ ಒಣಬೇಸಾಯದ ಸೀಮೆಗೆ ಬೇಕಾದ ಶೇಂಗಾ ಸುಲಿಯುವ ಯಂತ್ರವೂ ಬಂತು. ಅದರ ಪರೀಕ್ಷೆ ಇನ್ನೂ ಸೂಕ್ಷ್ಮ: ಸಿಪ್ಪೆ ಒಡೆಯಬೇಕು, ಕಾಳು ಒಡೆಯಬಾರದು. ಇಚಲಕರಂಜಿಯಲ್ಲಿ 1904ರಲ್ಲಿಯೇ ವಿಠ್ಠಲರಾವ್ ದಾತಾರರು ಮೊದಲ ವಿದ್ಯುತ್ ಮಗ್ಗ ಹೂಡಿದ್ದರು. ಕೊಲ್ಹಾಪುರದಲ್ಲಿ ಬಾಬೂರಾವ್ ಪೇಂಟರರು ಚಲನಚಿತ್ರದ ಕ್ಯಾಮೆರಾವನ್ನು ತಾವೇ ಮಾಡಿ ತೆಗೆದರು. ಕೈಯಿಂದ ಮಾಡಿ, ನಡೆಯಿಸಿ ನೋಡಿ, ತಿದ್ದಿ ಮತ್ತೆ ಮಾಡುವ ಹುರುಪು ಆ ಎರಡು ದಶಕಗಳಲ್ಲಿ ಈ ಸೀಮೆಯನ್ನೆಲ್ಲ ವ್ಯಾಪಿಸಿತ್ತು.

1920ರಲ್ಲಿ ಕಿರ್ಲೋಸ್ಕರ ಬ್ರದರ್ಸ್ ಪಾಲುಬಂಡವಾಳದ ಸಂಸ್ಥೆಯಾಯಿತು. ಅದೇ ವರ್ಷ ‘ಕಿರ್ಲೋಸ್ಕರ ಖಬರ್’ ಎಂಬ ಪತ್ರಿಕೆ ಹುಟ್ಟಿತು. ಕಾರ್ಖಾನೆಯ ವಸ್ತುಗಳ ವಿಷಯವನ್ನು ರೈತರಿಗೂ ವ್ಯಾಪಾರಿಗಳಿಗೂ ತಿಳಿಸಲು ಮೊದಲಾದ ಆ ಸಣ್ಣ ಪತ್ರ, ಲಕ್ಷ್ಮಣರಾವ್ ಅವರ ಅಣ್ಣನ ಮಗ ಶಂಕರರಾವ್ ಕಿರ್ಲೋಸ್ಕರರ ಸಂಪಾದಕತ್ವದಲ್ಲಿ ಮರಾಠಿಯ ಪ್ರಮುಖ ಸಾಹಿತ್ಯಪತ್ರಿಕೆಯಾಗಿ ಬೆಳೆಯಿತು. 1930ರಲ್ಲಿ ಅದಕ್ಕೆ ‘ಸ್ತ್ರೀ’ ಎಂಬ ತಂಗಿಪತ್ರಿಕೆಯೂ ಸೇರಿತು. ನಾಟಕಕಾರನ ಊರಿನಿಂದ ಬಂದ ನೇಗಿಲಿನವರು ಸಾಹಿತ್ಯದ ಋಣವನ್ನು ಹೀಗೆ ತೀರಿಸಿದರು.

ಪಂಪು, ಲೇಥು, ಬೆಂಕಿ

ಲಕ್ಷ್ಮಣರಾವ್ ಅವರ ಮಗ ಶಂತನುರಾವ್ ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಓದಿ 1926ರಲ್ಲಿ ಪದವಿ ಪಡೆದರು. ತಂದೆ ಕಣ್ಣು ಕೈಗಳಿಂದ ಕಲಿತುದನ್ನು ಮಗ ಗಣಿತದಿಂದ ಕಲಿತು ಬಂದರು. ಅಲ್ಲಿಂದ ಮುಂದೆ ವಾಡಿ ಪಂಪುಗಳ ತಯಾರಿಕೆಯಲ್ಲಿ ಹೆಸರು ಮಾಡಿತು. ಪಂಪನ್ನು ನೇಗಿಲಿನಂತೆ ಹೊಲಕ್ಕೆ ಕಳುಹಿಸಿ ಪರೀಕ್ಷಿಸುವಂತಿಲ್ಲ. ಬಾವಿಗೆ ಇಳಿಸಿದ ಮೇಲೆ ದೋಷ ಕಂಡರೆ ಒಕ್ಕಲಿಗನ ಬೆಳೆ ಒಣಗುತ್ತದೆ. ಆದ್ದರಿಂದ ಬಾವಿಯನ್ನೇ ಕಾರ್ಖಾನೆಯೊಳಗೆ ತರಬೇಕು. ಒಂದು ತೊಟ್ಟಿ, ಅದರಿಂದ ನೀರೆತ್ತುವ ಪಂಪು, ನೀರಿನ ದಾರಿಯಲ್ಲಿ ಒಂದು ತಿರುಪು. ತಿರುಪನ್ನು ಬಿಗಿದಷ್ಟೂ ಬಾವಿ ಆಳವಾದಂತೆ ಪಂಪಿಗೆ ಭಾಸವಾಗುತ್ತದೆ. ಎತ್ತಿದ ನೀರಿನ ಪ್ರಮಾಣ, ಒತ್ತಡ, ಖರ್ಚಾದ ಶಕ್ತಿ ಈ ಮೂರನ್ನೂ ಅಳೆದರೆ ಪಂಪಿನ ಯೋಗ್ಯತೆ ಅಂಕೆಯಲ್ಲಿ ದೊರೆಯುತ್ತದೆ. ಇಂದಿನ ಅನುಕರಣ ಶಾಸ್ತ್ರದ ಬೀಜ ಇದೇ: ಇಲ್ಲದ ಬಾವಿಯನ್ನು ಇದೆಯೆಂದು ನಟಿಸಿ ಯಂತ್ರದ ನಿಜವನ್ನು ತಿಳಿಯುವುದು. ರಂಗಭೂಮಿಯೂ ಅದನ್ನೇ ಮಾಡುತ್ತದೆ.

1941ರಲ್ಲಿ ಉದ್ಯಮ ಕನ್ನಡ ನೆಲಕ್ಕೆ ಮರಳಿತು. ತುಂಗಭದ್ರೆಯ ದಡದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ ಸಂಸ್ಥೆ ಸ್ಥಾಪನೆಯಾಗಿ ಲೇಥುಗಳನ್ನು ಮಾಡತೊಡಗಿತು. ಲೇಥು ಇತರ ಯಂತ್ರಗಳನ್ನು ಹೆರುವ ಯಂತ್ರ. ಅದರಲ್ಲಿ ಕೂದಲೆಳೆಯಷ್ಟು ಡೊಂಕಿದ್ದರೂ ಅದರಿಂದ ಹುಟ್ಟುವ ಪ್ರತಿಯೊಂದು ವಸ್ತುವಿಗೂ ಆ ಡೊಂಕು ಬಳುವಳಿಯಾಗಿ ಬರುತ್ತದೆ. ಹೊಲದ ಒರೆಗಲ್ಲಿನಿಂದ ಮೊದಲಾದ ದಾರಿ ಮಿಲಿಮೀಟರಿನ ನೂರನೆಯ ಒಂದು ಭಾಗವನ್ನು ಅಳೆಯುವ ಸೂಜಿಯವರೆಗೆ ಬಂದಿತ್ತು. 1946ರಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ಯಂತ್ರಗಳ, ಪುಣೆಯಲ್ಲಿ ಆಯಿಲ್ ಎಂಜಿನ್ನುಗಳ ಕಾರ್ಖಾನೆಗಳು ಆರಂಭವಾದವು.

ಎರಡು ವರ್ಷಗಳ ಮೇಲೆ ಲಕ್ಷ್ಮಣರಾವ್ ಅವರ ಬಾಳಿನ ಅತ್ಯಂತ ಕಠಿಣ ಪರೀಕ್ಷೆ ಬಂತು. 1948ರ ಜನವರಿ 30ರಂದು ಗಾಂಧೀಜಿಯವರ ಹತ್ಯೆಯಾಯಿತು. ಕೊಂದವನ ಜಾತಿಯ ಕಾರಣದಿಂದ ದಕ್ಷಿಣ ಮಹಾರಾಷ್ಟ್ರದಲ್ಲಿ ಬ್ರಾಹ್ಮಣರ ಮನೆಗಳ ಮೇಲೆ ದಾಳಿಗಳಾದವು. ಆ ಗಲಭೆಯಲ್ಲಿ ಕಿರ್ಲೋಸ್ಕರವಾಡಿಯ ಕಾರ್ಖಾನೆಗೂ ಬೆಂಕಿ ಬಿತ್ತು. ಮೂವತ್ತೆಂಟು ವರ್ಷ ಜಾತಿ ನೋಡದೆ ಕಟ್ಟಿದ ಊರು ಜಾತಿಯ ಹೆಸರಿನಲ್ಲಿ ಸುಟ್ಟಿತು. ಲಕ್ಷ್ಮಣರಾವ್ ಅವರಿಗೆ ಆಗ ಎಪ್ಪತ್ತೆಂಟು ವರ್ಷ. ಮುರಿದ ಕುಳವನ್ನು ಬದಲಿಸಬಹುದು, ಒಡೆದ ನಂಬಿಕೆಗೆ ಬಿಡಿಭಾಗ ಎಲ್ಲಿಯೂ ಸಿಗುವುದಿಲ್ಲ. ಹಾಗಿದ್ದೂ ಬೂದಿಯ ನಡುವಿನಿಂದ ಕಾರ್ಖಾನೆ ಮತ್ತೆ ಎದ್ದಿತು. ಕುಲುಮೆ ಮತ್ತೆ ಹೊತ್ತಿತು.

ಲಕ್ಷ್ಮಣರಾವ್ 1956ರ ಸೆಪ್ಟೆಂಬರ್ 26ರಂದು, ತಮ್ಮ 87ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅದಾದ 36 ದಿನಗಳಿಗೆ, ನವೆಂಬರ್ 1ರಂದು, ರಾಜ್ಯಗಳ ಪುನರ್ವಿಂಗಡಣೆಯಾಯಿತು. ಅವರು ಹುಟ್ಟಿದ ಗುರ್ಲಹೊಸೂರೂ ಸೈಕಲ್ ಮಾರಿದ ಬೆಳಗಾವಿಯೂ ಲೇಥು ಮಾಡಿದ ಹರಿಹರವೂ ಮೈಸೂರು ರಾಜ್ಯದಲ್ಲಿ ಒಂದುಗೂಡಿದವು. ಕಳ್ಳಿ ಕಡಿದು ಕಟ್ಟಿದ ವಾಡಿಯೂ ತೋಪು ಕೊಟ್ಟ ಕೊಲ್ಹಾಪುರವೂ ಗಡಿಯ ಆಚೆಗೆ ಸೇರಿದವು. ಅವರ ಬಾಳು ಅಂಥ ಗೆರೆಯನ್ನು ಕಂಡಿರಲಿಲ್ಲ. 1969ರಲ್ಲಿ, ಹುಟ್ಟಿದ ನೂರನೆಯ ವರ್ಷ, ಭಾರತ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಕುಂಡಲ ರೋಡ್ ನಿಲ್ದಾಣಕ್ಕೆ ಈಗ ಕಿರ್ಲೋಸ್ಕರವಾಡಿ ಎಂದೇ ಹೆಸರು. ಶಂತನುರಾವ್ ತಮ್ಮ ಆತ್ಮಕಥೆಗೆ ಕಳ್ಳಿ ಮತ್ತು ಗುಲಾಬಿ ಎಂಬ ಅರ್ಥದ ಹೆಸರಿಟ್ಟದ್ದು ತಂದೆ ಆರಿಸಿದ ಆ ಬಯಲನ್ನು ನೆನಪಿಗೆ ತರುತ್ತದೆ.

ಈ ಸೀಮೆಯ ಎರಕದ ಮನೆಗಳಲ್ಲಿ ಇಂದು ಲೋಹದ ಗುಣವನ್ನು ಬೆಳಕಿನ ಪಟ್ಟಿಯಿಂದ ಓದುವ ಉಪಕರಣಗಳಿವೆ. ಎಂಜಿನ್ನಿನ ಭಾಗವೊಂದು ಕೋಟಿ ಸಲ ತಿರುಗಿದರೆ ಏನಾದೀತು ಎಂಬುದನ್ನು ತಿರುಗಿಸುವ ಮೊದಲೇ ಲೆಕ್ಕಹಾಕುವ ವಿಧಾನಗಳಿವೆ. ಆ ಎಲ್ಲ ಪರೀಕ್ಷೆಗಳ ಉದ್ದೇಶ ಒಂದೇ, ತಪ್ಪಿನ ಬೆಲೆಯನ್ನು ಕೊಂಡವನು ತೆರಬಾರದು, ಮಾಡಿದವನು ತೆರಬೇಕು. ಎರಡು ವರ್ಷ ಯಾರೂ ಕೊಳ್ಳದ ನೇಗಿಲುಗಳನ್ನಿಟ್ಟುಕೊಂಡು ಕಾದಿದ್ದ ಬೆಳಗಾವಿಯ ಕಾರ್ಯಶಾಲೆಯಲ್ಲಿ ಲಕ್ಷ್ಮಣರಾವ್ ತೆತ್ತದ್ದು ಆ ಬೆಲೆಯನ್ನೇ.